ಠಾಣೆಯ ಮೆಟ್ಟಿಲು ಹತ್ತುವ ಮುನ್ನ: ಬಡಾವಣೆಯವರಿಗಾಗಿ ‘ತೆರೆದ ಮನೆ’ ಭೇಟಿ ನಡೆಸುವ ಬಗೆ

ಶಾಲಾ ಮಕ್ಕಳನ್ನು ಪೊಲೀಸ್ ಠಾಣೆಗೆ ಕರೆಸಿ ಅಲ್ಲಿನ ಕೆಲಸ ತೋರಿಸುವ ‘ತೆರೆದ ಮನೆ’ ಕಾರ್ಯಕ್ರಮ ಕರ್ನಾಟಕದಲ್ಲಿ ವರ್ಷಗಳಿಂದ ನಡೆದುಬಂದಿದೆ. ಬೆಂಗಳೂರಿನ ಠಾಣೆಗಳು ಮಾಸಿಕ ಜನಸಂಪರ್ಕ ದಿನ ನಡೆಸುತ್ತವೆ. 2017ರ ಸುಧಾರಿತ ಬೀಟ್ ವ್ಯವಸ್ಥೆಯಲ್ಲಿ ಠಾಣಾ ವ್ಯಾಪ್ತಿಯನ್ನು ಸಿಬ್ಬಂದಿಗೆ ಹಂಚಿ, ಒಂದೊಂದು ತುಂಡಿಗೂ ಒಬ್ಬ ಕಾನ್‌ಸ್ಟೆಬಲ್ ಅಥವಾ ಹೆಡ್ ಕಾನ್‌ಸ್ಟೆಬಲ್ ಹೊಣೆ ಎಂದಾಯಿತು. 2025ರಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ ಅದೇ ಬೀಟ್ ಸಿಬ್ಬಂದಿಯನ್ನು ನಮ್ಮ ಬಾಗಿಲಿಗೇ ಕಳಿಸುತ್ತಿದೆ. ಹಾಗಾಗಿ ಬಡಾವಣೆಯ ಸಂಘ, ಅಪಾರ್ಟ್‌ಮೆಂಟ್ ಸಮಿತಿ, ಸ್ತ್ರೀಶಕ್ತಿ ಗುಂಪು ಅಥವಾ ಶಾಲೆ ‘ನಾವು ಠಾಣೆ ನೋಡಬೇಕು, ಕೆಲಸ ತಿಳಿಯಬೇಕು’ ಎಂದು ಕೇಳಿದರೆ ಅದು ಹೊಸ ಬೇಡಿಕೆಯೇನಲ್ಲ.

ತೊಡಕು ಇರುವುದು ಭೇಟಿ ನಡೆಯುವ ರೀತಿಯಲ್ಲಿ. ಹಾರ, ಶಾಲು, ಅರ್ಧ ಗಂಟೆ ಭಾಷಣ, ಗ್ರೂಪ್ ಫೋಟೊ, ಬಿಸ್ಕತ್ತು-ಚಹಾ. ಹೋದ ಪುಟ್ಟ ಬಂದ ಪುಟ್ಟ. ಬಂದವರು ಬಂದೂಕು ನೋಡಿರುತ್ತಾರೆ. ಮರುದಿನ ಮನೆಯಲ್ಲಿ ಕಳವಾದರೆ ಯಾರ ಮುಂದೆ ಏನು ಬರೆದುಕೊಡಬೇಕು ಎಂಬುದು ಗೊತ್ತಿರುವುದಿಲ್ಲ. ಆದ್ದರಿಂದ ಭೇಟಿಯನ್ನು ಇನ್ಸ್‌ಪೆಕ್ಟರ್ ಕೊಠಡಿಯ ಸುತ್ತ ಕಟ್ಟಬೇಡಿ, ದೂರು-ದಾಖಲೆಗಳ ಬರಹದ ಕೆಲಸ ನೋಡುವ ರೈಟರ್ (ಠಾಣಾ ಬರಹಗಾರ) ಮೇಜಿನ ಸುತ್ತ ಕಟ್ಟಿ. ಒಂದು ದೂರು ಬಾಗಿಲಿಂದ ಒಳಬಂದು ಕೋರ್ಟಿಗೆ ಹೋಗುವವರೆಗಿನ ದಾರಿಯನ್ನು ಜನ ಕಣ್ಣಾರೆ ಕಂಡರೆ ಮಿಕ್ಕಿದ್ದು ತಾನಾಗಿ ಅರ್ಥವಾಗುತ್ತದೆ.

ಯಾವ ಠಾಣೆ ಎಂಬುದು ಮೊದಲು ಖಚಿತವಾಗಲಿ

ಮನೆಗೆ ಹತ್ತಿರದ ಠಾಣೆಯೇ ನಿಮ್ಮ ಠಾಣೆ ಆಗಿರಬೇಕಿಲ್ಲ. ಒಂದೇ ರಸ್ತೆಯ ಎಡ-ಬಲ ಬೇರೆ ಬೇರೆ ಠಾಣೆಗೆ ಸೇರಿರುವುದು ನಗರಗಳಲ್ಲಿ ಸಾಮಾನ್ಯ. ಸಂಘದ ಇಬ್ಬರು ಮೊದಲೇ ಠಾಣೆಗೆ ಹೋಗಿ, ಬಡಾವಣೆಯ ಕೈನಕ್ಷೆ ತೋರಿಸಿ, ಗಡಿ ಗುರುತು ಹಾಕಿಸಿಕೊಂಡು ಬರಲಿ. ಎ4 ಹಾಳೆಯ ನಕ್ಷೆ ಸಾಕು: ಅಡ್ಡರಸ್ತೆಗಳು, ಶಾಲೆ, ಬಸ್ ನಿಲ್ದಾಣ, ಖಾಲಿ ಸೈಟು, ಬೀದಿದೀಪ ಇಲ್ಲದ ತಿರುವು, ಖಾಸಗಿ ಸಿಸಿ ಕ್ಯಾಮೆರಾ ಇರುವ ಮನೆ. ಈ ನಕ್ಷೆ ಭೇಟಿಯ ದಿನ ಬೀಟ್ ಪೊಲೀಸರೊಂದಿಗೆ ಕೂತಾಗಲೂ ಬೇಕಾಗುತ್ತದೆ.

ಯಾವ ಕೆಲಸ ಯಾವ ಠಾಣೆಯದು ಎಂಬುದನ್ನೂ ಆಗಲೇ ಕೇಳಿ ತಿಳಿಯಿರಿ. ಕಳವು, ಹೊಡೆದಾಟ, ಬೆದರಿಕೆ, ಕಾಣೆಯಾದವರು ಇವೆಲ್ಲ ಕಾನೂನು-ಸುವ್ಯವಸ್ಥೆ ಠಾಣೆಗೆ. ದೊಡ್ಡ ನಗರಗಳಲ್ಲಿ ರಸ್ತೆ ಅಪಘಾತ ಸಂಚಾರ ಠಾಣೆಗೆ. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಪ್ರಕರಣಗಳಿಗೆ ಸೆನ್ ಠಾಣೆಗಳಿವೆ. ಮಹಿಳಾ ಠಾಣೆ ಇದ್ದರೂ ಮಹಿಳೆಯರು ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು.

ಯಾರನ್ನು ಕರೆದೊಯ್ಯಬೇಕು

25ರಿಂದ 30 ಜನ ಸಾಕು. ಬಹುಪಾಲು ಠಾಣೆಗಳಲ್ಲಿ ಅದಕ್ಕಿಂತ ಹೆಚ್ಚು ಮಂದಿ ನಿಲ್ಲಲು ಜಾಗವೇ ಇರುವುದಿಲ್ಲ, ಅದೇ ಹೊತ್ತಿಗೆ ನಿಜವಾದ ದೂರುದಾರರೂ ಬಂದಿರುತ್ತಾರೆ. 30 ಜನ ಇದ್ದರೆ 15ರ ಎರಡು ತಂಡ ಮಾಡಿ. ಒಂದು ತಂಡ ಒಳಗಿರುವಾಗ ಇನ್ನೊಂದು ಹೊರಗೆ ಗಸ್ತು ವಾಹನದ ಬಳಿ ಇರಲಿ.

ಸಂಘದ ಪದಾಧಿಕಾರಿಗಳೇ ತುಂಬಿಕೊಂಡರೆ ಭೇಟಿ ವ್ಯರ್ಥ. ಅವರಿಗೆ ಹೇಗೂ ಇನ್ಸ್‌ಪೆಕ್ಟರ್ ಪರಿಚಯ ಇರುತ್ತದೆ. ಠಾಣೆಯೆಂದರೆ ಹಿಂಜರಿಯುವವರು ಬೇರೆ: ಮನೆಕೆಲಸದ ಹೆಂಗಸರು, ಸೆಕ್ಯುರಿಟಿ ಗಾರ್ಡುಗಳು, ಪೌರಕಾರ್ಮಿಕರು, ಬಾಡಿಗೆ ಮನೆಯ ವಿದ್ಯಾರ್ಥಿಗಳು, ಹೊರರಾಜ್ಯದ ಕೂಲಿಗಳು, ಒಂಟಿಯಾಗಿರುವ ಹಿರಿಯರು. ಅರ್ಧದಷ್ಟು ಸ್ಥಾನವನ್ನು ಇವರಿಗೇ ಮೀಸಲಿಡಿ. ದಿನಗೂಲಿಯವರು ಬರಬೇಕಾದರೆ ಅವರ ಮಾಲೀಕರನ್ನು ಮೊದಲೇ ಕೇಳಿ, ಆ ಹೊತ್ತಿನ ಕೂಲಿ ಕಡಿಯದಂತೆ ಒಪ್ಪಿಸಬೇಕು. ಇಲ್ಲವಾದರೆ ಪಟ್ಟಿಯಲ್ಲಿ ಹೆಸರಿರುತ್ತದೆ, ಆಳು ಬಂದಿರುವುದಿಲ್ಲ. ಕನ್ನಡ ಬಾರದವರಿದ್ದರೆ ಪಕ್ಕದಲ್ಲಿ ಹಿಂದಿಯಲ್ಲೋ ತಮಿಳಿನಲ್ಲೋ ಮೆಲ್ಲಗೆ ಹೇಳಿಕೊಡಲು ಒಬ್ಬರು ಬೇಕು. ಗಾಲಿಕುರ್ಚಿಯಲ್ಲಿ ಬರುವವರಿದ್ದರೆ ಠಾಣೆಗೆ ಇಳಿಜಾರು ಇದೆಯೇ ಎಂದು ಮುಂಚೆಯೇ ನೋಡಿಕೊಳ್ಳಿ.

ಠಾಣೆಯಲ್ಲಿ ತಮ್ಮದೇ ಕೇಸು ನಡೆಯುತ್ತಿರುವವರನ್ನು ಈ ಭೇಟಿಗೆ ಸೇರಿಸಬೇಡಿ. ಅವರಿಗೆ ಜನಸಂಪರ್ಕ ದಿನವಿದೆ. ಒಬ್ಬರು ತಮ್ಮ ಸೈಟಿನ ಜಗಳ ತೆಗೆದರೆ ಉಳಿದ 29 ಜನರ ಸಮಯ ಅಲ್ಲಿಗೇ ಮುಗಿಯಿತು.

ಪತ್ರ ಬರೆಯುವುದು

ಠಾಣಾಧಿಕಾರಿಗೆ ಪತ್ರ, ಪ್ರತಿ ಡಿವೈಎಸ್ಪಿ ಅಥವಾ ಎಸಿಪಿ ಅವರಿಗೆ. 10ರಿಂದ 15 ದಿನ ಮುಂಚೆ ಖುದ್ದಾಗಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಿನಂತಿ ನಾಲ್ಕು ಬಂದೋಬಸ್ತ್ ಆದೇಶಗಳ ಕೆಳಗೆ ಹೂತುಹೋಗುತ್ತದೆ. ಪತ್ರದ ಒಡಲು ಇಷ್ಟಿದ್ದರೆ ಸಾಕು:

‘ನಮ್ಮ ಬಡಾವಣೆಯ 28 ನಿವಾಸಿಗಳು (15 ಮಹಿಳೆಯರು, 13 ಪುರುಷರು, ಎಲ್ಲರೂ 18 ದಾಟಿದವರು) ಠಾಣೆಯ ದೈನಂದಿನ ಕೆಲಸ ತಿಳಿಯಲು 90 ನಿಮಿಷದ ಭೇಟಿಗೆ ಅನುಮತಿ ಕೋರುತ್ತೇವೆ. ದಿನ: ಮಂಗಳವಾರ ಅಥವಾ ಅದೇ ವಾರದ ಗುರುವಾರ, ಮಧ್ಯಾಹ್ನ 3ರಿಂದ 4.30. ಠಾಣಾ ಬರಹಗಾರರು, ನಮ್ಮ ಬೀಟ್ ಸಿಬ್ಬಂದಿ ಮತ್ತು ಒಬ್ಬ ಮಹಿಳಾ ಸಿಬ್ಬಂದಿ ಮಾತನಾಡಬೇಕೆಂದು ವಿನಂತಿ. ಸನ್ಮಾನ, ಭಾಷಣ ಇರುವುದಿಲ್ಲ. ಅನುಮತಿಯಿಲ್ಲದೆ ಫೋಟೊ, ವಿಡಿಯೊ ತೆಗೆಯುವುದಿಲ್ಲ. ಬಂದೋಬಸ್ತ್ ಬಂದರೆ ದಿನ ಬದಲಿಸಲು ಸಿದ್ಧ.’

ಕೆಳಗೆ ಹೊಣೆ ಹೊತ್ತ ಇಬ್ಬರ ಹೆಸರು, ಮೊಬೈಲ್ ಸಂಖ್ಯೆ. ಸನ್ಮಾನ ಇಲ್ಲ ಎಂಬ ಸಾಲನ್ನು ಬಿಡಬೇಡಿ. ಆ ಸಾಲು ಇದ್ದರೆ ಕಾರ್ಯಕ್ರಮಕ್ಕೆ ಬೇರೆ ಅತಿಥಿಗಳನ್ನು ಕರೆಯುವ ಪ್ರಶ್ನೆಯೇ ಏಳುವುದಿಲ್ಲ, ಠಾಣೆಯವರಿಗೂ ನಿರಾಳ.

ದಿನ ಮತ್ತು ಹೊತ್ತು

ಬೆಳಗ್ಗೆ ಹಾಜರಿ, ಕರ್ತವ್ಯ ಹಂಚಿಕೆ, ಆರೋಪಿಗಳನ್ನು ಕೋರ್ಟಿಗೆ ಕರೆದೊಯ್ಯುವ ಗಡಿಬಿಡಿ. ಸಂಜೆ ಆರರ ನಂತರ ದೂರುದಾರರ ದಟ್ಟಣೆ. ಮಧ್ಯಾಹ್ನ 3ರಿಂದ 5 ಹೆಚ್ಚಿನ ಠಾಣೆಗಳಲ್ಲಿ ತುಸು ಸಡಿಲ. ಸೋಮವಾರ ಬೇಡ. ಗಣೇಶನ ಹಬ್ಬ, ರಂಜಾನ್, ಊರ ಜಾತ್ರೆ, ಚುನಾವಣೆ, ಅಧಿವೇಶನ, ಗಣ್ಯರ ಭೇಟಿ ಇರುವ ವಾರಗಳಲ್ಲಿ ಕೇಳಲೇಬೇಡಿ. ಇರುವ ಸಿಬ್ಬಂದಿಯಲ್ಲಿ ಅರ್ಧ ಬಂದೋಬಸ್ತಿಗೆ ಹೋಗಿರುತ್ತಾರೆ. ಏಪ್ರಿಲ್ 2 ರಾಜ್ಯದ ಪೊಲೀಸ್ ಧ್ವಜ ದಿನ, ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. ಆ ದಿನಗಳಲ್ಲಿ ಸಮಾರಂಭ ನೋಡಲು ಹೋಗಬಹುದು, ಕೆಲಸ ನೋಡಲು ಅಲ್ಲ.

ಹಿಂದಿನ ದಿನ ಸಂಜೆ ಒಮ್ಮೆ, ಭೇಟಿಯ ದಿನ ಬೆಳಗ್ಗೆ ಹತ್ತಕ್ಕೆ ಒಮ್ಮೆ ಫೋನ್ ಮಾಡಿ. ಇನ್ಸ್‌ಪೆಕ್ಟರ್ ಹೊರಗೆ ಹೋಗಬೇಕಾಗಿ ಬಂದರೆ ಎಎಸ್‌ಐ ಅಥವಾ ಹಿರಿಯ ಹೆಡ್ ಕಾನ್‌ಸ್ಟೆಬಲ್ ನಡೆಸಿಕೊಡಲಿ ಎಂದು ಮೊದಲೇ ಒಪ್ಪಂದವಾಗಿರಲಿ. ಠಾಣೆಯ ಒಳಹೊರಗು ಹೇಳುವುದರಲ್ಲಿ ಹಳೆಯ ಹೆಡ್ ಕಾನ್‌ಸ್ಟೆಬಲ್ ಎಷ್ಟೋ ಸಲ ಅಧಿಕಾರಿಗಿಂತ ಮೇಲು.

90 ನಿಮಿಷ ಹೇಗೆ ಹಂಚಬೇಕು

ಮೊದಲ ಹತ್ತು ನಿಮಿಷ ಅಂಗಳ ಮತ್ತು ಗೋಡೆ. ಗೋಡೆಯ ಮೇಲೆ ಏನಿದೆ ಎಂದು ಓದಿಸಿ. ಬೀಟ್ ಪಟ್ಟಿ, ಅಧಿಕಾರಿಗಳ ಸಂಖ್ಯೆಗಳು, ಬಂಧಿತರ ಹಕ್ಕುಗಳ ಫಲಕ. ಬಂಧಿತರ ಹೆಸರು, ವಿಳಾಸ, ಆರೋಪದ ವಿವರವನ್ನು ಪ್ರತಿ ಠಾಣೆಯಲ್ಲಿ ಕಾಣುವಂತೆ ಪ್ರದರ್ಶಿಸಬೇಕು, ಅದಕ್ಕೆ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಇರಬೇಕು ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಹೇಳುತ್ತದೆ. ಸಿಸಿ ಕ್ಯಾಮೆರಾ ಎಲ್ಲೆಲ್ಲಿವೆ ನೋಡಿ: ಪ್ರವೇಶ ದ್ವಾರ, ಲಾಕಪ್, ಕಾರಿಡಾರ್, ಅಧಿಕಾರಿಗಳ ಕೊಠಡಿ ಎಲ್ಲ ಕಡೆ ಇರಬೇಕು, ದೃಶ್ಯಗಳನ್ನು 18 ತಿಂಗಳು ಉಳಿಸಬೇಕು ಎಂಬುದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನ.

ಮುಂದಿನ ಹತ್ತು ನಿಮಿಷ ‘ಯಾರು ಯಾರು’. ಭುಜ ನೋಡಿ ಗುರುತಿಸುವುದನ್ನು ಕಲಿಸಿದರೆ ಮಕ್ಕಳೂ ದೊಡ್ಡವರೂ ಖುಷಿಯಿಂದ ಕಲಿಯುತ್ತಾರೆ. ತೋಳಿನ ಮೇಲೆ ಮೂರು ಪಟ್ಟಿ ಇದ್ದರೆ ಹೆಡ್ ಕಾನ್‌ಸ್ಟೆಬಲ್. ಭುಜದಲ್ಲಿ ಕೆಂಪು-ನೀಲಿ ರಿಬ್ಬನ್ ಜೊತೆ ಒಂದು ನಕ್ಷತ್ರ ಎಎಸ್‌ಐ, ಎರಡು ಪಿಎಸ್‌ಐ, ಮೂರು ಇನ್ಸ್‌ಪೆಕ್ಟರ್. ರಿಬ್ಬನ್ ಇಲ್ಲದ ಮೂರು ನಕ್ಷತ್ರ ಡಿವೈಎಸ್ಪಿ ಅಥವಾ ಎಸಿಪಿ. ಆಮೇಲೆ ಕೆಲಸದ ಹಂಚಿಕೆ: ಸೆಂಟ್ರಿ, ರೈಟರ್, ಕೋರ್ಟ್ ಕರ್ತವ್ಯದವರು, ಸಮನ್ಸ್-ವಾರಂಟ್ ಜಾರಿ ಮಾಡುವವರು, ಕ್ರೈಂ ಸಿಬ್ಬಂದಿ, ಬೀಟ್ ಸಿಬ್ಬಂದಿ. ಒಬ್ಬೊಬ್ಬರೂ ತಮ್ಮ ನಿನ್ನೆಯ ಪಾಳಿಯನ್ನು ಎರಡು ಮಾತಿನಲ್ಲಿ ಹೇಳಲಿ. ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯಿತು, ನಡುವೆ ಊಟ ಎಲ್ಲಿ. ನೂರು ಭಾಷಣ ಹೇಳಲಾರದ್ದನ್ನು ಈ ಎರಡು ಮಾತು ಹೇಳುತ್ತದೆ.

ನಂತರದ 35 ನಿಮಿಷ ರೈಟರ್ ಮೇಜು. ಭೇಟಿಯ ಸಾರವೆಲ್ಲ ಇಲ್ಲಿದೆ, ಆದ್ದರಿಂದ ಕೆಳಗೆ ಬಿಡಿಸಿ ಬರೆದಿದೆ. ಅದಾದ ಮೇಲೆ 15 ನಿಮಿಷ ಗಸ್ತು ವಾಹನ ಮತ್ತು ತುರ್ತು ಕರೆಯ ಸಂಖ್ಯೆ 112, ಕೊನೆಯ 20 ನಿಮಿಷ ಬೀಟ್ ಪೊಲೀಸರೊಂದಿಗೆ ನಕ್ಷೆ.

ರೈಟರ್ ಮೇಜಿನಲ್ಲಿ: ಒಂದು ದೂರು ಬರೆಯಿಸಿ ನೋಡಿ

ಪ್ರತಿಯೊಬ್ಬರಿಗೂ ಒಂದು ಖಾಲಿ ಹಾಳೆ, ಪೆನ್ನು. ಸನ್ನಿವೇಶ ಒಂದೇ: ಮನೆ ಮುಂದೆ ನಿಲ್ಲಿಸಿದ್ದ ಬೈಕ್ ಕಳವಾಗಿದೆ. ಎಂಟು ನಿಮಿಷದಲ್ಲಿ ದೂರು ಬರೆಯಬೇಕು. ಬರೆಯಲು ಬಾರದವರು ಬಾಯಲ್ಲಿ ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಮೌಖಿಕ ದೂರನ್ನು ಠಾಣೆಯಲ್ಲಿ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ.

ಬಹುಮಂದಿ ಬರೆಯುವುದು ಹೀಗೆ: ‘ನಿನ್ನೆ ರಾತ್ರಿ ನಮ್ಮ ಮನೆ ಮುಂದೆ ನಿಲ್ಲಿಸಿದ್ದ ನನ್ನ ಬೈಕನ್ನು ಯಾರೋ ಕದ್ದಿದ್ದಾರೆ. ದಯಮಾಡಿ ಹುಡುಕಿಕೊಡಬೇಕಾಗಿ ವಿನಂತಿ.’

ಇದನ್ನು ರೈಟರ್ ಕೈಗೆ ಕೊಟ್ಟು, ‘ನೀವು ಇದರಲ್ಲಿ ಏನು ಕೇಳುತ್ತೀರಿ?’ ಎನ್ನಿ. ಒಂದೊಂದಾಗಿ ಬರುತ್ತದೆ. ‘ನಿನ್ನೆ’ ಅಂದರೆ ಯಾವ ತಾರೀಖು? ಎಷ್ಟು ಗಂಟೆಗೆ ನಿಲ್ಲಿಸಿದಿರಿ, ಇಲ್ಲ ಎಂದು ಗೊತ್ತಾದದ್ದು ಎಷ್ಟು ಗಂಟೆಗೆ? ಯಾವ ಅಡ್ಡರಸ್ತೆ? ಹ್ಯಾಂಡಲ್ ಲಾಕ್ ಆಗಿತ್ತೇ? ನೋಂದಣಿ, ಎಂಜಿನ್, ಚಾಸಿಸ್ ಸಂಖ್ಯೆ? ಬಣ್ಣ, ಮಾಡೆಲ್ ವರ್ಷ? ಡಿಕ್ಕಿಯಲ್ಲಿ ಏನಿತ್ತು? ಯಾರ ಹೆಸರಿನಲ್ಲಿದೆ?

ತಿದ್ದಿದ ದೂರು ಹೀಗಿರುತ್ತದೆ: ‘ದಿನಾಂಕ … ರಂದು ರಾತ್ರಿ 10.30ಕ್ಕೆ … ನೇ ಅಡ್ಡರಸ್ತೆಯ ನಮ್ಮ ಮನೆ ಸಂಖ್ಯೆ … ರ ಗೇಟಿನ ಮುಂದೆ, ನನ್ನ ಹೆಸರಿನಲ್ಲಿರುವ ಕಪ್ಪು ಬಣ್ಣದ … ಬೈಕ್, ನೋಂದಣಿ …, ಎಂಜಿನ್ …, ಚಾಸಿಸ್ … ಅನ್ನು ಹ್ಯಾಂಡಲ್ ಲಾಕ್ ಮಾಡಿ ನಿಲ್ಲಿಸಿದ್ದೆ. ಮಾರನೆಯ ಬೆಳಗ್ಗೆ 6.15ಕ್ಕೆ ನೋಡಿದಾಗ ಇರಲಿಲ್ಲ. ಅಕ್ಕಪಕ್ಕ ವಿಚಾರಿಸಿದರೂ ಸಿಗಲಿಲ್ಲ. ಎದುರು ಮನೆಯಲ್ಲಿ ಸಿಸಿ ಕ್ಯಾಮೆರಾ ಇದೆ. ಅಪರಿಚಿತ ಕಳ್ಳರ ವಿರುದ್ಧ ಪ್ರಕರಣ ದಾಖಲಿಸಿ ಕಾನೂನು ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.’

ಪ್ರತಿ ಬದಲಾವಣೆಗೂ ಕಾರಣ ಹೇಳಿಸಿ. ಸಮಯದ ಎರಡು ತುದಿ ಸಿಕ್ಕರೆ ತನಿಖಾಧಿಕಾರಿ ಎಂಟು ಗಂಟೆಯ ದೃಶ್ಯ ನೋಡಿದರೆ ಸಾಕು. ‘ನಿನ್ನೆ’ ಎಂದರೆ ಇಡೀ ದಿನದ್ದು ನೋಡಬೇಕು. ಮನೆಗಳ ಕ್ಯಾಮೆರಾಗಳು ಕೆಲವೇ ದಿನಗಳಲ್ಲಿ ಹಳೆಯದರ ಮೇಲೆ ಹೊಸದನ್ನು ದಾಖಲಿಸಿಬಿಡುತ್ತವೆ, ಹಾಗಾಗಿ ದೃಶ್ಯ ಉಳಿಸಲು ಎದುರು ಮನೆಯವರಿಗೆ ಅಂದೇ ಹೇಳಬೇಕು. ನಂಬರ್ ಪ್ಲೇಟ್ ಬದಲಾಯಿಸುವುದು ಸುಲಭ, ಆದ್ದರಿಂದ ವಾಹನ ಸಿಕ್ಕಾಗ ಗುರುತಿಸುವುದು ಎಂಜಿನ್ ಮತ್ತು ಚಾಸಿಸ್ ಸಂಖ್ಯೆಯಿಂದ. ಬರೀ ‘ಹುಡುಕಿಕೊಡಿ’ ಎಂದು ಬರೆದರೆ ಅದು ಅರ್ಜಿಯಾಗಿ ಉಳಿದುಬಿಡಬಹುದು; ‘ಪ್ರಕರಣ ದಾಖಲಿಸಿ’ ಎಂದಾಗ ಕೇಳುತ್ತಿರುವುದು ಏನೆಂದು ಸ್ಪಷ್ಟ. ದೂರು ತಡವಾಗಿದ್ದರೆ ಯಾಕೆ ತಡವಾಯಿತು ಎಂದು ಒಂದು ಸಾಲು ಬೇಕೇಬೇಕು, ಏಕೆಂದರೆ ಮುಂದೆ ಕೋರ್ಟಿನಲ್ಲಿ ಪ್ರತಿವಾದಿ ವಕೀಲರು ಎತ್ತುವ ಮೊದಲ ಪ್ರಶ್ನೆ ಅದೇ. ಕಾಯ್ದೆಯ ಕಲಂ ಬರೆಯುವ ಗೋಜಿಗೆ ಹೋಗಬೇಡಿ, ಅದು ಠಾಣಾಧಿಕಾರಿಯ ಕೆಲಸ.

ಮೊಬೈಲ್ ಕಳೆದುಹೋದರೆ ಐಎಂಇಐ ಸಂಖ್ಯೆ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಬೇಕು. ಎಲ್ಲರೂ ಹೊರಗೆ ಬಂದ ಕೂಡಲೇ ತಮ್ಮ ಫೋನಿನಲ್ಲಿ *#06# ಒತ್ತಿ, ಬರುವ 15 ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಲಿ. ಕೇಂದ್ರದ ಸಿಇಐಆರ್ ಪೋರ್ಟಲ್‌ನಲ್ಲಿ ಫೋನ್ ಬ್ಲಾಕ್ ಮಾಡಿಸುವುದು ಇದೇ ಸಂಖ್ಯೆಯಿಂದ. ಚಿನ್ನ ಕಳವಾದರೆ ಗ್ರಾಂ ತೂಕ, ವಿನ್ಯಾಸ, ಬಿಲ್ಲು. ಬಿಲ್ಲಿಲ್ಲದ ಹಳೆಯ ಒಡವೆಗೆ ಅದನ್ನು ಹಾಕಿಕೊಂಡ ಮದುವೆಯ ಫೋಟೊ ಕೂಡ ಉಪಯೋಗಕ್ಕೆ ಬರುತ್ತದೆ.

ದೂರಿನ ನಂತರ ಕೈಗೆ ಸಿಗಬೇಕಾದ ಕಾಗದ

ಇಲ್ಲಿ ಮೂರು ಬೇರೆ ಬೇರೆ ಕಾಗದಗಳಿವೆ, ಜನ ಬೆರೆಸಿಬಿಡುತ್ತಾರೆ. ಖಾಲಿ ನಮೂನೆಗಳನ್ನು ತೋರಿಸುವಂತೆ ರೈಟರ್‌ಗೆ ಕೇಳಿ.

ಎಫ್‌ಐಆರ್: ಕಳವು, ದರೋಡೆ, ಗಂಭೀರ ಹಲ್ಲೆಯಂಥ ಸಂಜ್ಞೇಯ ಅಪರಾಧಕ್ಕೆ, ಅಂದರೆ ಮ್ಯಾಜಿಸ್ಟ್ರೇಟರ ಆದೇಶಕ್ಕೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದದ್ದಕ್ಕೆ. ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದನ್ನೇ ಜೀರೋ ಎಫ್‌ಐಆರ್ ಎನ್ನುವುದು. ಅದು ಆಮೇಲೆ ಸಂಬಂಧಿಸಿದ ಠಾಣೆಗೆ ವರ್ಗವಾಗುತ್ತದೆ. ಮಾಹಿತಿಯನ್ನು ವಿದ್ಯುನ್ಮಾನ ರೂಪದಲ್ಲಿ ಕಳಿಸಿದರೆ 3 ದಿನದೊಳಗೆ ಠಾಣೆಗೆ ಬಂದು ಸಹಿ ಹಾಕಬೇಕು. ದಾಖಲಾದ ಎಫ್‌ಐಆರ್ ಪ್ರತಿ ಉಚಿತ. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಠಾಣೆಗೆ ಅವಕಾಶವಿದೆ, ಹಾಗಾಗಿ ‘ನಾಳೆ ಬನ್ನಿ’ ಎಂದಾಗ ಕೇಳಬೇಕಾದ ಪ್ರಶ್ನೆ: ಇದು ಪ್ರಾಥಮಿಕ ವಿಚಾರಣೆಯೇ, ಅನುಮತಿ ಆಗಿದೆಯೇ?

ಎನ್‌ಸಿಆರ್: ಅಸಂಜ್ಞೇಯ ಅಪರಾಧಕ್ಕೆ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಠಾಣೆಯವರು ಏನೂ ಮಾಡುತ್ತಿಲ್ಲ ಎಂಬ ಎಷ್ಟೋ ದೂರುಗಳ ಹಿಂದೆ ಇರುವುದು ಇದೇ.

ಅರ್ಜಿ ಸ್ವೀಕೃತಿ: ಉಳಿದೆಲ್ಲದಕ್ಕೂ. ಇದು ಎಫ್‌ಐಆರ್ ಅಲ್ಲ. ಇದನ್ನು ಹಿಡಿದು ವಿಮೆ ಕಂಪನಿಗೆ ಹೋದವರು ಬೈಕಿನ ಹಣ ಸಿಗದೆ ಬರಿಗೈಲಿ ಬರುತ್ತಾರೆ.

ಎಫ್‌ಐಆರ್ ಮಾಡಲು ನಿರಾಕರಿಸಿದರೆ ದೂರಿನ ಸಾರವನ್ನು ಅಂಚೆಯಲ್ಲಿ ಎಸ್ಪಿಗೆ ಕಳಿಸಬಹುದು, ಕಮಿಷನರೇಟ್ ಇರುವಲ್ಲಿ ಡಿಸಿಪಿಗೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಈ ಮಾತನ್ನು ಠಾಣೆಯಲ್ಲೇ, ಇನ್ಸ್‌ಪೆಕ್ಟರ್ ಬಾಯಲ್ಲೇ ಹೇಳಿಸುವುದು ಒಳ್ಳೆಯದು. ಒಳ್ಳೆಯ ಅಧಿಕಾರಿಗಳು ಹಿಂಜರಿಯದೆ ಹೇಳುತ್ತಾರೆ. ತನಿಖೆಯ ಪ್ರಗತಿಯನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದು 193ನೇ ಕಲಂನಲ್ಲಿದೆ ಎಂಬುದನ್ನೂ ಸೇರಿಸಲಿ.

ಜನರಿಗೆ ತಪ್ಪದೇ ತಲುಪಬೇಕಾದ ಇನ್ನೆರಡು ಸಂಗತಿ. ಮಗು ಕಾಣೆಯಾದರೆ 24 ಗಂಟೆ ಕಾಯಬೇಕು ಎಂಬುದು ಬರೀ ಸುಳ್ಳು. ಕಾಣೆಯಾದ ಮಗುವಿನ ದೂರಿಗೆ ಎಫ್‌ಐಆರ್ ಮಾಡಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಎರಡನೆಯದು, ಸಾಕ್ಷಿಯಾಗಿ ಹೇಳಿಕೆ ಕೊಡಲು ಮಹಿಳೆಯರನ್ನು, 15ಕ್ಕಿಂತ ಕಡಿಮೆ ಅಥವಾ 60 ದಾಟಿದ ಪುರುಷರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಅವರಿರುವಲ್ಲಿಗೇ ಹೋಗಿ ಹೇಳಿಕೆ ಪಡೆಯಬೇಕು (179ನೇ ಕಲಂ). ಅವರಾಗಿ ಬರಲು ಒಪ್ಪಿದರೆ ಅದು ಬೇರೆ.

ಲಾಕಪ್, ಮುದ್ದೆಮಾಲು, ಕ್ಯಾಮೆರಾ

ಲಾಕಪ್ ನೋಡಬೇಕೆಂಬ ಕುತೂಹಲ ಎಲ್ಲರಿಗೂ. ಖಾಲಿ ಇದ್ದರೆ ಮಾತ್ರ ನೋಡಿ. ಒಳಗೆ ಯಾರಾದರೂ ಇದ್ದರೆ ಆ ಕಡೆಗೆ ಹೋಗಲೇಬಾರದು. ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ, ಸಾಲಾಗಿ ನಿಂತು ಇಣುಕುವುದು ಅವಮಾನ. ಇನ್ನೊಂದು ತಾಂತ್ರಿಕ ಕಾರಣವೂ ಇದೆ: ಆರೋಪಿಯ ಮುಖ ಮೊದಲೇ ಹೊರಗೆ ಕಂಡುಬಿಟ್ಟರೆ ಮುಂದೆ ನಡೆಯುವ ಗುರುತು ಪತ್ತೆ ಪರೇಡ್‌ಗೆ ಬೆಲೆ ಉಳಿಯುವುದಿಲ್ಲ, ಗುಂಪಿನಲ್ಲಿ ಒಬ್ಬರು ತೆಗೆದ ಫೋಟೊ ಇಡೀ ಕೇಸನ್ನು ಸಡಿಲಗೊಳಿಸಬಹುದು. ಲೈಂಗಿಕ ಅಪರಾಧದ ಸಂತ್ರಸ್ತರ, ಮಕ್ಕಳ ಗುರುತು ಹೊರಗೆಡಹುವುದಂತೂ ಅಪರಾಧವೇ. ಆದ್ದರಿಂದ ಒಳಗೆ ಹೋಗುವ ಮುಂಚೆ ಎಲ್ಲರ ಫೋನನ್ನೂ ಒಂದು ಚೀಲಕ್ಕೆ ಹಾಕಿಸಿ. ಫೋಟೊ ಬೇಕೇಬೇಕಿದ್ದರೆ ಕೊನೆಯಲ್ಲಿ, ಹೊರಗೆ, ನಾಮಫಲಕದ ಮುಂದೆ ಒಂದು.

ಮುದ್ದೆಮಾಲು (ಪ್ರಕರಣಗಳಲ್ಲಿ ವಶಪಡಿಸಿಕೊಂಡ ವಸ್ತುಗಳು) ಇಡುವ ಕೊಠಡಿಯನ್ನು ಬಾಗಿಲಲ್ಲಿ ನಿಂತು ನೋಡಿದರೆ ಸಾಕು. ಪ್ರತಿ ವಸ್ತುವಿಗೂ ಕಟ್ಟಿದ ಚೀಟಿಯಲ್ಲಿ ಪ್ರಕರಣದ ಸಂಖ್ಯೆ ಇರುತ್ತದೆ. ಸಿಕ್ಕ ಬೈಕ್ ಯಾಕೆ ತಕ್ಷಣ ಕೈಗೆ ಬರುವುದಿಲ್ಲ ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ: ಅದು ಈಗ ಕೋರ್ಟಿನ ಅಧೀನದಲ್ಲಿರುವ ಸಾಕ್ಷ್ಯ, ಬಿಡಿಸಿಕೊಳ್ಳಲು ಕೋರ್ಟಿನಲ್ಲಿ ಅರ್ಜಿ ಹಾಕಬೇಕು.

112 ಮತ್ತು 1930

ಪರೀಕ್ಷೆಗೆಂದು 112ಕ್ಕೆ ಕರೆ ಮಾಡಬೇಡಿ. ಆ ಹೊತ್ತಿನಲ್ಲಿ ನಿಜವಾದ ಕರೆ ಕಾಯುತ್ತಿರಬಹುದು. ಬದಲಿಗೆ ಗಸ್ತು ವಾಹನದ ಸಿಬ್ಬಂದಿ (ಬೆಂಗಳೂರಿನಲ್ಲಾದರೆ ಹೊಯ್ಸಳ) ತಮ್ಮ ಪರದೆಯಲ್ಲಿ ಕರೆಯ ವಿವರ ಹೇಗೆ ಬರುತ್ತದೆ, ತಾವು ಹೊರಟದ್ದು, ತಲುಪಿದ್ದು ಹೇಗೆ ದಾಖಲಾಗುತ್ತದೆ ಎಂದು ತೋರಿಸಲಿ. ಆಮೇಲೆ ಇಬ್ಬಿಬ್ಬರಾಗಿ ನಿಂತು, ಒಬ್ಬರು ಕರೆ ಮಾಡುವವರು, ಒಬ್ಬರು ಸ್ವೀಕರಿಸುವವರಾಗಿ ಅಭ್ಯಾಸ ಮಾಡಿ. ಮೊದಲ ವಾಕ್ಯದಲ್ಲೇ ಸ್ಥಳ ಬರಬೇಕು. ‘ಸಾರ್, ಇಲ್ಲಿ ಗಲಾಟೆ ಆಗ್ತಿದೆ, ಬೇಗ ಬನ್ನಿ’ ಎಂದು ಕಡಿದುಬಿಟ್ಟರೆ ವಾಹನ ಎಲ್ಲಿಗೆ ಹೋಗಬೇಕು? ಸ್ಥಳ, ಹತ್ತಿರದ ಗುರುತು, ಏನಾಗುತ್ತಿದೆ, ಗಾಯವಾಗಿದೆಯೇ, ಆಯುಧವಿದೆಯೇ, ಈ ಕ್ರಮದಲ್ಲಿ ಹೇಳುವುದು ರೂಢಿಯಾಗಲಿ. ವಾಹನ ಬರುವವರೆಗೆ ಫೋನ್ ಎತ್ತಲು ಸಿದ್ಧರಿರಿ.

ಆನ್‌ಲೈನ್ ವಂಚನೆಯಲ್ಲಿ ಹಣ ಹೋದರೆ ಠಾಣೆಗೆ ಓಡುವ ಮುಂಚೆ 1930ಕ್ಕೆ ಕರೆ. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಬೇಕು, ಇಲ್ಲಿ ನಿಮಿಷಗಳೇ ಲೆಕ್ಕ. ಕೈಯಲ್ಲಿ ಬ್ಯಾಂಕಿನ ಹೆಸರು, ವಹಿವಾಟಿನ ಸಂಖ್ಯೆ, ಮೊತ್ತ, ಸಮಯ ಇರಲಿ. ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ ವಂಚಕರು ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ ಎಂದು ಸಮವಸ್ತ್ರದಲ್ಲಿರುವವರೇ ಎದುರು ನಿಂತು ಹೇಳಿದರೆ ಹಿರಿಯರ ಮನಸ್ಸಿಗೆ ನಾಟುತ್ತದೆ. ಈ ಒಂದು ಮಾತಿಗಾಗಿಯಾದರೂ ಹಿರಿಯರನ್ನು ಕರೆದೊಯ್ಯಬೇಕು.

ಮಕ್ಕಳ ತಂಡವಾದರೆ

ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು, ಪೋಷಕರ ಒಪ್ಪಿಗೆ ಪತ್ರ, ಅವಧಿ 45 ನಿಮಿಷ. ಬೇಡಿ ತೊಡಿಸಿ ಆಟ, ಬಂದೂಕು ಮುಟ್ಟುವುದು, ‘ಹೋಂವರ್ಕ್ ಮಾಡದಿದ್ದರೆ ಹಿಡಿದುಕೊಂಡು ಹೋಗ್ತಾರೆ’ ಎಂಬ ಮಾತು ಇವು ಮೂರೂ ಬೇಡ. ಹೆದರಿದ ಮಗು ಕಷ್ಟ ಬಂದಾಗ ಪೊಲೀಸರ ಹತ್ತಿರ ಹೋಗುವುದಿಲ್ಲ. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು ಬಾಲನ್ಯಾಯ ಕಾಯ್ದೆ ಹೇಳುತ್ತದೆ, ಮಕ್ಕಳೊಂದಿಗೆ ಮಾತನಾಡಬೇಕಾದವರು ಅವರೇ. ಯಾವ ಕಾರಣಕ್ಕೂ ಮಗುವನ್ನು ಲಾಕಪ್‌ಗೆ ಹಾಕುವಂತಿಲ್ಲ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಪ್ರಕರಣದಲ್ಲಿ ಮಗುವಿನ ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರುವಂತಿಲ್ಲ ಎಂಬುದನ್ನು ಸರಳವಾಗಿ ಹೇಳಿಸಿ. ಮಕ್ಕಳ ಸಹಾಯವಾಣಿ 1098 ಬಾಯಿಪಾಠವಾಗಲಿ. ಬೆರಳಚ್ಚು ತೆಗೆಯುವುದನ್ನು ಸ್ಟ್ಯಾಂಪ್ ಪ್ಯಾಡ್ ಮತ್ತು ಬಿಳಿ ಹಾಳೆಯಲ್ಲಿ ಮಾಡಿಸಿದರೆ ಹತ್ತು ನಿಮಿಷ ಸದ್ದಿಲ್ಲದೆ ಕೂರುತ್ತಾರೆ. ಆ ಹಾಳೆಗಳನ್ನು ಮಕ್ಕಳೇ ಮನೆಗೆ ಒಯ್ಯಲಿ, ಠಾಣೆಯಲ್ಲಿ ಬಿಡಬೇಡಿ.

ವರ್ಷವಿಡೀ ನಡೆಯುವಂಥದ್ದು ಬೇಕೆಂದರೆ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ ಇದೆ. 2010ರಲ್ಲಿ ಕೇರಳದಲ್ಲಿ ಶುರುವಾಗಿ, 2018ರ ಜುಲೈನಲ್ಲಿ ದೇಶಮಟ್ಟಕ್ಕೆ ಬಂದದ್ದು, 8 ಮತ್ತು 9ನೇ ತರಗತಿಯವರಿಗೆ.

ಬೀಟ್ ಪೊಲೀಸರೊಂದಿಗೆ ಕೊನೆಯ 20 ನಿಮಿಷ

ನಕ್ಷೆಯನ್ನು ಮೇಜಿನ ಮೇಲೆ ಹರಡಿ. ಬೀಟ್ ಎಲ್ಲಿ ಶುರು, ಎಲ್ಲಿ ಕೊನೆ, ರಾತ್ರಿ ಗಸ್ತು ಯಾರದು, ಬೀಟ್‌ನವರು ರಜೆ ಹಾಕಿದಾಗ ಯಾರನ್ನು ಕೇಳಬೇಕು. ಹಲವು ದಿನ ಮನೆಗೆ ಬೀಗ ಹಾಕಿ ಊರಿಗೆ ಹೋಗುವವರು ಹೇಗೆ ತಿಳಿಸಬೇಕು. ಒಂಟಿ ಹಿರಿಯರ ಮನೆ ಯಾವುದು ಎಂದು ಅವರ ಒಪ್ಪಿಗೆಯಿದ್ದರೆ ಮಾತ್ರ ಗುರುತು ಹಾಕಿ.

ಜನ ಹೇಳುವ ತೊಂದರೆಗಳಲ್ಲಿ ಬಹುಪಾಲು ಪೊಲೀಸರ ವ್ಯಾಪ್ತಿಯವೇ ಅಲ್ಲ. ಬೀದಿದೀಪ, ಕಸ, ಒಳಚರಂಡಿ ಪಾಲಿಕೆ ಅಥವಾ ಪಂಚಾಯಿತಿಗೆ. ಮೊದಲೇ ಜರಡಿ ಹಿಡಿದು, ಠಾಣೆಗೆ ಸೇರಿದ ಮೂರನ್ನು ಮಾತ್ರ ಬರೆದುಕೊಡಿ. ಹದಿನೈದು ಬೇಡಿಕೆ ಕೊಟ್ಟರೆ ಒಂದೂ ಆಗುವುದಿಲ್ಲ. ‘ಶಾಲೆ ಬಿಡುವ ಹೊತ್ತು 3.30ರಿಂದ 4.15ರವರೆಗೆ ಮೂರನೇ ಅಡ್ಡರಸ್ತೆಯ ತಿರುವಿನಲ್ಲಿ ಗಸ್ತು’ ಎಂಬಷ್ಟು ಖಚಿತವಾಗಿರಲಿ.

ಇಲ್ಲಿ ಒಂದು ಗೆರೆ ದಾಟಬಾರದು. ಪಕ್ಕದ ಮನೆಯವರ ಜಾತಿ-ಧರ್ಮ, ಬಾಡಿಗೆದಾರರ ಸ್ನೇಹಿತರು, ಯಾರ ಮನೆಗೆ ಯಾರು ಬಂದರು ಎಂಬ ಪಟ್ಟಿ ಕೊಡುವುದು ಪೊಲೀಸರಿಗೆ ನೆರವಾಗುವುದಲ್ಲ. ಹೊಸ ಮುಖ ಕಂಡರೆ ಹಿಡಿದು ಥಳಿಸುವ ‘ಕಾವಲು ಪಡೆ’ ಕಟ್ಟುವುದಂತೂ ಅಪರಾಧ. ಕಂಡದ್ದನ್ನು ತಿಳಿಸುವುದಷ್ಟೇ ನಿವಾಸಿಗಳ ಕೆಲಸ.

ಬೀಟ್ ವಾಟ್ಸ್‌ಆ್ಯಪ್ ಗುಂಪು ಮಾಡಿದರೆ ಎರಡು ನಿಯಮ ಹಾಕಿ: ಬಡಾವಣೆಗೆ ಸಂಬಂಧಿಸಿದ್ದು ಮಾತ್ರ, ಫಾರ್ವರ್ಡ್ ಇಲ್ಲ. ಸಾಧ್ಯವಾದರೆ ಅಡ್ಮಿನ್‌ಗಳು ಮಾತ್ರ ಕಳಿಸುವಂತೆ ಇಡಿ. ಶುಭೋದಯದ ಚಿತ್ರಗಳ ನಡುವೆ ಒಂದು ನಿಜವಾದ ಎಚ್ಚರಿಕೆ ಕಳೆದುಹೋಗುವುದು ಬೇಡ. ತುರ್ತಿದ್ದರೆ ಗುಂಪಿಗೆ ಬರೆಯುವುದಲ್ಲ, 112.

ನಾಲ್ಕು ವಾರದ ಆವೃತ್ತಿ

ಇಂಗ್ಲೆಂಡಿನ ಡೆವನ್ ಮತ್ತು ಕಾರ್ನ್‌ವಾಲ್ ಪೊಲೀಸರು 1977ರಲ್ಲಿ ನಾಗರಿಕರಿಗಾಗಿ ಸಂಜೆ ಶಾಲೆ ಶುರುಮಾಡಿದರು, ಅಮೆರಿಕದ ಒರ್ಲಾಂಡೊದಲ್ಲಿ 1985ರಲ್ಲಿ ಅದು ಸಿಟಿಜನ್ ಪೊಲೀಸ್ ಅಕಾಡೆಮಿಯಾಯಿತು. ಅಲ್ಲಿ ವಾರಕ್ಕೊಂದು ಸಂಜೆಯಂತೆ ಹಲವು ವಾರ ನಡೆಯುತ್ತದೆ. ನಮ್ಮಲ್ಲಿ ಅಷ್ಟು ದೀರ್ಘ ಎಳೆಯುವುದು ಕಷ್ಟ. ಆಸಕ್ತಿ ಇದ್ದರೆ ನಾಲ್ಕು ಶನಿವಾರ ಮಾಡಬಹುದು. ಮೊದಲನೆಯದು ಮೇಲೆ ಹೇಳಿದ ಠಾಣೆ ಭೇಟಿ. ಎರಡನೆಯದು ಸಂಚಾರ ಠಾಣೆ: ಅಪಘಾತವಾದಾಗ ಏನು ಮಾಡಬೇಕು, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ ಎಂಬ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅಡಿಯ ನಿಯಮ. ಮೂರನೆಯದು ಸೆನ್ ಠಾಣೆ. ನಾಲ್ಕನೆಯದು ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ತೆರೆದ ಕಲಾಪ. ಇದನ್ನು ಮಾತ್ರ ವಾರದ ದಿನ ಇಟ್ಟುಕೊಂಡರೆ ಕಲಾಪ ಖಚಿತವಾಗಿ ಸಿಗುತ್ತದೆ. ಪ್ರತಿ ವಾರವೂ ಅದೇ 15 ಜನ ಇರಲಿ, ಬದಲಾಗುತ್ತಿದ್ದರೆ ಪ್ರತಿ ಸಲ ಮೊದಲಿಂದ ಹೇಳಬೇಕಾಗುತ್ತದೆ.

ಭೇಟಿಯಾದ ಮೇಲೆ

ವಾರದೊಳಗೆ ಒಂದು ಪುಟದ ಹಾಳೆ ತಯಾರಿಸಿ: ಠಾಣೆಯ ಹೆಸರು ಮತ್ತು ದೂರವಾಣಿ, ಬೀಟ್ ಸಂಖ್ಯೆ, ಬೀಟ್ ಪೊಲೀಸರ ಹುದ್ದೆ ಮತ್ತು ಅವರು ಒಪ್ಪಿ ಕೊಟ್ಟ ಇಲಾಖಾ ಸಂಖ್ಯೆ, 112, 1930, 1098, ದೂರಿನಲ್ಲಿ ಇರಬೇಕಾದ ಅಂಶಗಳು. ಲ್ಯಾಮಿನೇಟ್ ಮಾಡಿಸಿ ಗೇಟು, ಲಿಫ್ಟ್, ಅಂಗಡಿ, ಅಂಗನವಾಡಿಯ ಗೋಡೆಗೆ ಹಾಕಿ. ಕನ್ನಡದಲ್ಲಿ ದಪ್ಪ ಅಕ್ಷರ, ಕೆಳಗೆ ಬೇಕಾದ ಇನ್ನೊಂದು ಭಾಷೆ.

ಕೊಟ್ಟ ಮೂರು ಬೇಡಿಕೆಗಳು ಏನಾದವೆಂದು ತಿಂಗಳಿಗೊಮ್ಮೆ ಲಿಖಿತವಾಗಿ ಕೇಳಿ. ಆಗಿದ್ದರೆ ಆಗಿದೆ ಎಂದೂ ಬರೆದು, ಪ್ರತಿಯನ್ನು ಡಿವೈಎಸ್ಪಿ ಅಥವಾ ಎಸಿಪಿಗೆ ಕಳಿಸಿ. ಕಾನ್‌ಸ್ಟೆಬಲ್ ಮಾಡಿದ ಒಳ್ಳೆಯ ಕೆಲಸ ಮೇಲಧಿಕಾರಿಯ ಕಣ್ಣಿಗೆ ಬೀಳುವುದು ಅಪರೂಪ, ಈ ಒಂದು ಪ್ರತಿ ಶಾಲಿಗಿಂತ ಹೆಚ್ಚು ಅವರಿಗೆ ನೆರವಾಗುತ್ತದೆ.

ವರ್ಗಾವಣೆ ಆಗುತ್ತಲೇ ಇರುತ್ತದೆ. ಬೀಟ್‌ನವರು ಬದಲಾದ ತಕ್ಷಣ ಹಾಳೆಯ ಸಂಖ್ಯೆ ತಿದ್ದುವ ಹೊಣೆ ಒಬ್ಬರದೇ ಇರಲಿ, ಹಾಳೆಯ ಮೂಲೆಯಲ್ಲಿ ತಿದ್ದಿದ ದಿನಾಂಕ ಹಾಕಿ. ಹೊಸಬರು ಬಂದ ಮೊದಲ ಹದಿನೈದು ದಿನದಲ್ಲಿ ಅದೇ ನಕ್ಷೆ ಹಿಡಿದು ಇಬ್ಬರು ಹೋಗಿ ಅವರೊಂದಿಗೆ ಬಡಾವಣೆ ಒಂದು ಸುತ್ತು ನಡೆದು ಬನ್ನಿ, ಕತ್ತಲಾದ ಮೇಲೆ, ದೀಪವಿಲ್ಲದ ತಿರುವುಗಳು ಅವರ ಕಣ್ಣಿಗೂ ಬೀಳುವಂತೆ.